ಅಕ್ಕನ ವರದಿಯಲ್ಲಿ ಇಲ್ಲದ ಮಾತು

ಪಾಂಡವಪುರದ ಪಿಯು ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಜೀವಕೋಶ ಎರಡಾಗುವುದನ್ನು ಈರುಳ್ಳಿ ಬೇರಿನ ತುದಿಯಲ್ಲಿ ಮಕ್ಕಳಿಗೆ ತೋರಿಸುವುದು ಪ್ರತಿವರ್ಷದ ಕೆಲಸ. ಅಷ್ಟಕ್ಕೇ ನಮ್ಮ ನೆಂಟರ ಪಾಲಿಗೆ ನಾನು ಅರ್ಧ ಡಾಕ್ಟರು. ಸಕ್ಕರೆ ಕಾಯಿಲೆಯ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲವೂ ಮೊದಲು ನನ್ನ ಫೋನಿಗೆ ಬರುತ್ತಿದ್ದವು. ಆ ಮರ್ಯಾದೆ ನನಗೆ ಇಷ್ಟವಾಗಿತ್ತು. ಒಂದು ದಿನವೂ ‘ನನಗೆ ಗೊತ್ತಿಲ್ಲ’ ಎಂದವಳಲ್ಲ.

ನನ್ನ ಅಕ್ಕನ ಮನೆ ಚಿನಕುರಳಿಯಲ್ಲಿ. ಮದುವೆಯಾಗಿ ಹೋದಾಗಿನಿಂದ ಅಲ್ಲೇ. ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವುದು ಅವಳ ಕೆಲಸ. ಎರಡು ವರ್ಷದ ಹಿಂದೆ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಮೈಸೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚೂರು ತೆಗೆದರು. ವರದಿ ಬಂದ ದಿನ ಭಾವ ಅದರ ಫೋಟೋ ಕಳಿಸಿದರು. ಡಾಕ್ಟರನ್ನು ಕಾಣಲು ಇನ್ನೂ ನಾಲ್ಕು ದಿನವಿತ್ತು.

ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ಕ್ಯಾನ್ಸರ್ ಎಂದಿತ್ತು. ಕೆಳಗೆ ‘ಕೆಐ ಅರವತ್ತೇಳು’ ಎಂಬ ಪ್ರೋಟೀನಿನ ಹೆಸರು, ಅದರ ಮುಂದೆ ದೊಡ್ಡ ಅಂಕಿ. ಒಡೆದು ಎರಡಾಗುತ್ತಿರುವ ಜೀವಕೋಶದಲ್ಲಿ ಈ ಪ್ರೋಟೀನು ಇರುತ್ತದೆ, ಸುಮ್ಮನಿರುವ ಕೋಶದಲ್ಲಿ ಇರುವುದಿಲ್ಲ. ಅಂಕಿ ದೊಡ್ಡದಿದ್ದರೆ ಗಡ್ಡೆ ಬೇಗ ಬೆಳೆಯುತ್ತಿದೆ ಎಂದರ್ಥ. ಇಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹೆದರಿದ ಕಣ್ಣಿಗೆ ಹೆದರಿಸುವ ಸಾಲುಗಳೇ ಕಂಡವು.

ಭಾವ ಫೋನು ಮಾಡಿದರು. “ಎಂಗದೆ ಯೋಳವ್ವ. ನೀನು ಓದಿರೋಳು.”

“ತುಂಬಾ ಜೋರಾಗಿ ಬೆಳೀತಾ ಅದೆ ಭಾವ.”

“ಅಂಗಂದ್ರೆ?”

“ಒಂದು ವರ್ಷ ದಾಟೋದು ಕಷ್ಟ. ಅಕ್ಕಂಗೆ ಯೋಳ್ಬೇಡಿ.”

ವರ್ಷದ ಮಾತು ವರದಿಯಲ್ಲಿ ಎಲ್ಲೂ ಇರಲಿಲ್ಲ. ನಾನೇ ಸೇರಿಸಿದ್ದು. ಯಾಕೆ ಸೇರಿಸಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದುಃಖವಾಗಿತ್ತು, ನಿಜ. ಆದರೆ ಆ ದುಃಖದಲ್ಲೂ, ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು ಎಂಬ ಜಂಬ ಒಂದಿಷ್ಟು ಇತ್ತು.

ಭಾವ ಕೆಟ್ಟವರಲ್ಲ, ನನ್ನ ಮಾತನ್ನು ನಂಬಿದರು, ಅಷ್ಟೆ. ವರದಿ ಇನ್ನೂ ಬಂದಿಲ್ಲ ಎಂದು ಅಕ್ಕನಿಗೆ ಹೇಳಿ, ಡಾಕ್ಟರನ್ನು ಕಾಣುವ ದಿನವನ್ನು ದಾಟಿಸಿದರು. “ಉಳಿಯಾಕಿಲ್ಲ ಅಂದ್ಮೇಲೆ ಸುಮ್ನೆ ಯಾಕವ್ವ ನರಳ್ಸೋದು” ಎಂದು ನನ್ನಲ್ಲಿ ಅತ್ತರು. ಹಾಗನ್ನಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಾನು ಹೇಳಬೇಕಿತ್ತು. ನಾನೂ ಜೊತೆಗೆ ಅತ್ತೆ. ಅವರ ಒಬ್ಬಳೇ ಮಗಳು ಆಗ ಶ್ರೀರಂಗಪಟ್ಟಣದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ತಾಯಿ ಇರುವಾಗಲೇ ಮದುವೆ ಆಗಿಬಿಡಲಿ ಎಂದು, ಹಿಂದೊಮ್ಮೆ ಕೇಳಿದ್ದ ಕೆ.ಆರ್.ಪೇಟೆಯ ಕಡೆಯವರಿಗೆ ಭಾವ, ಅಕ್ಕನ ಕಾಯಿಲೆಯನ್ನೂ ತಿಳಿಸಿ, ಹೇಳಿ ಕಳಿಸಿದರು.

ಎರಡು ವಾರದ ಮೇಲೆ ಒಂದು ಭಾನುವಾರ ಅವರು ಹೆಣ್ಣು ನೋಡಲು ಬಂದರು. ಹೊರಡುವಾಗ ಹುಡುಗನ ತಾಯಿ ಅಕ್ಕನ ಕೈ ಹಿಡಿದುಕೊಂಡು, “ಮಗ್ಳು ಮದ್ವೆ ನೋಡೋಗಂಟಾದ್ರೂ ದೇವ್ರು ನಿಮ್ಮನ್ನ ಮಡಗ್ಲಿ ಕಣವ್ವ” ಎಂದು ಕಣ್ಣೊರೆಸಿಕೊಂಡರಂತೆ. ಅಕ್ಕನಿಗೆ ಗೊತ್ತಾಗಿದ್ದು ಹಾಗೆ. ಆ ರಾತ್ರಿಯೇ ಭಾವನನ್ನು ಕೂರಿಸಿಕೊಂಡು ಎಲ್ಲವನ್ನೂ ಬಾಯಿ ಬಿಡಿಸಿದಳು.

ಮಾರನೆಯ ಬೆಳಿಗ್ಗೆ ಡೇರಿ ಕೆಲಸ ಮುಗಿಸಿ, ಬಸ್ಸು ಹತ್ತಿ ನಮ್ಮ ಕಾಲೇಜಿಗೇ ಬಂದಳು. ವರಾಂಡದಲ್ಲಿ ನಿಂತು ಕೇಳಿದಳು: “ವರ್ಷ ಅಂದೆಯಂತೆ. ಆ ಚೀಟೀಲಿ ಎಲ್ಲಿ ಬರ್ದದೆ ತೋರ್ಸು.”

ಫೋನು ತೆಗೆದೆ. ತೋರಿಸಲು ಏನೂ ಇರಲಿಲ್ಲ.

“ಬರ್ದಿಲ್ಲ ಅಕ್ಕ. ನಾನೇ ಅಂದಿದ್ದು.”

ಅವಳು ಕೂಗಾಡಲಿಲ್ಲ. “ನಾನು ದಿನಾ ಊರೋರ ಹಾಲು ನೋಡ್ತೀನಿ. ಡಿಗ್ರಿ ಕಮ್ಮಿ ಬಂದ್ರೆ ಕಮ್ಮಿ ಅಂತೀನಿ. ನಿಮ್ಮ ದನ ಸತ್ತೋಯ್ತದೆ ಅಂತ ಯಾರಿಗಾದ್ರೂ ಯೋಳಿದ್ದೀನಾ?” ಎಂದಳು. ಆಮೇಲೆ, “ರಜ ಹಾಕು. ಆಸ್ಪತ್ರೆಗೆ ನಡಿ” ಎಂದಳು.

ಮೈಸೂರಿನ ಡಾಕ್ಟರು ನಡುವಯಸ್ಸಿನ ಹೆಂಗಸು. ವರದಿ ನೋಡಿ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಗದರಿದರು. ಆಮೇಲೆ ಅಕ್ಕನಿಗೇ ಬಿಡಿಸಿ ಹೇಳಿದರು. ಗಡ್ಡೆ ಬೇಗ ಬೆಳೆಯುವ ಜಾತಿಯದು, ಅದು ಒಳ್ಳೆಯ ಸುದ್ದಿಯಲ್ಲ. ಆದರೆ ಕೀಮೋ ಔಷಧಿ ಹೆಚ್ಚಾಗಿ ಹೊಡೆಯುವುದೂ ಒಡೆಯುತ್ತಿರುವ ಕೋಶಗಳನ್ನೇ. ಹಾಗಾಗಿ ಇಂಥ ಗಡ್ಡೆ ಎಷ್ಟೋ ಸಲ ಔಷಧಿಗೆ ಚೆನ್ನಾಗಿ ಕರಗುತ್ತದೆ. ಗಡ್ಡೆಯ ಅಳತೆ, ಕಂಕುಳಿಗೂ ಹಬ್ಬಿದೆಯೇ ಎಂಬುದು, ಉಳಿದ ಪರೀಕ್ಷೆ ಎಲ್ಲ ಸೇರಿಸಿ ನೋಡಬೇಕು, ಒಂದು ಪ್ರೋಟೀನು ಹಿಡಿದುಕೊಂಡು ಆಯುಷ್ಯ ಹೇಳಲು ಬರುವುದಿಲ್ಲ.

“ನಂಗೆ ಒಂದೇ ವರ್ಷ ಅಂದ್ರು ಮೇಡಂ” ಎಂದಳು ಅಕ್ಕ.

“ಯಾರಮ್ಮ ಹೇಳಿದ್ದು?”

ನಾನು ಅಲ್ಲೇ, ಪಕ್ಕದ ಕುರ್ಚಿಯಲ್ಲಿದ್ದೆ. ನನ್ನ ಕುತ್ತಿಗೆಯಲ್ಲಿ ಕಾಲೇಜಿನ ಗುರುತಿನ ಚೀಟಿ ನೇತಾಡುತ್ತಿತ್ತು. ‘ನಾನು’ ಎನ್ನಲು ಬಾಯಿ ಬರಲಿಲ್ಲ. ಅಕ್ಕ ನನ್ನ ಕಡೆ ಒಮ್ಮೆ ನೋಡಿ, “ಯಾರೋ ಅಂದ್ರು, ಬುಡಿ” ಎಂದಳು.

ಆ ಹೊತ್ತಿನಷ್ಟು ಚಿಕ್ಕವಳು ನಾನು ಇನ್ನೆಂದೂ ಆಗಿಲ್ಲ.

ಅಕ್ಕನೇ ಕೆ.ಆರ್.ಪೇಟೆಗೆ ಫೋನು ಮಾಡಿ, ಮಗಳು ಓದು ಮುಗಿಸಲಿ, ಈಗ ಬೇಡ ಎಂದಳು. ಕೀಮೋ ತಿಂಗಳುಗಟ್ಟಲೆ ನಡೆಯಿತು. ಕೂದಲು ಹೋಯಿತು, ನಾಲಿಗೆ ಹುಣ್ಣಾಯಿತು. ಗಂಟು ಸುಮಾರು ಕರಗಿತು, ಉಳಿದದ್ದನ್ನು ಆಪರೇಷನ್ ಮಾಡಿ ತೆಗೆದರು. ಈಗ ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸುತ್ತಾಳೆ. ಮುಂದೇನೆಂದು ಯಾರಿಗೂ ಗೊತ್ತಿಲ್ಲ. ಡೇರಿಗೆ ಮತ್ತೆ ಹೋಗುತ್ತಿದ್ದಾಳೆ. ನನ್ನ ಮೇಲೆ ಸಿಟ್ಟಿಲ್ಲ ಎನ್ನುತ್ತಾಳೆ, ಆದರೆ ಒಂದು ವರದಿಯನ್ನೂ ನನಗೆ ತೋರಿಸುವುದಿಲ್ಲ.

ಕಳೆದ ತಿಂಗಳು ಅವಳ ಮಗಳು ಪಾಂಡವಪುರಕ್ಕೆ ಬಂದಿದ್ದಳು. ಈಗ ಎಂ.ಕಾಂ. ಓದುತ್ತಿದ್ದಾಳೆ. ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದಾಗ ಇದ್ದಕ್ಕಿದ್ದಂತೆ ಕೇಳಿದಳು: “ಚಿಕ್ಕಮ್ಮ, ಅಮ್ಮಂಗೆ ಒಂದೇ ವರ್ಷ ಅಂತ ಅಪ್ಪಂಗೆ ಯಾರು ಹೇಳಿದ್ದು? ಇಬ್ರೂ ಬಾಯಿ ಬಿಡಲ್ಲ.”

ಅಕ್ಕ ಭಾವ ಇಷ್ಟು ದಿನ ನನ್ನನ್ನು ಕಾಪಾಡಿಕೊಂಡು ಬಂದಿದ್ದರು.

“ನಾನು” ಎಂದೆ.

ಅವಳು ಹೆಗಲಿನ ಬ್ಯಾಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿ, ಆಚೆ ಬದಿಯ ಕಿಟಕಿಯ ಹತ್ತಿರ ಕೂತಳು. ಊರು ತಲುಪಿದ ಮೇಲೆ ಪ್ರತಿಸಲ ಫೋನು ಮಾಡುವವಳು ಅಂದು ಮಾಡಲಿಲ್ಲ. ನಾನೂ ಮಾಡಿಲ್ಲ.