ತುಂಬಿಸಿ ಕೊಟ್ಟ ಬ್ಯಾಟರಿಗಳು

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಮೈಸೂರಿನ ಒಂದು ಎಂಜಿನಿಯರಿಂಗ್ ಕನ್ಸಲ್ಟೆನ್ಸಿಯಲ್ಲಿ ಸುರಕ್ಷತಾ ವಿಭಾಗ ನೋಡಿಕೊಳ್ಳುತ್ತಿದ್ದೆ. ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳಲ್ಲಿ ಸೋಲಾರ್ ಬೇಲಿ ಮತ್ತು ಬೀದಿದೀಪಗಳಿಂದ ಕಳಚಿದ ಹಳೆಯ ಲಿಥಿಯಂ ಬ್ಯಾಟರಿಗಳನ್ನು ಕ್ಷೇಮವಾಗಿ ದೂರದ ಕಾರ್ಖಾನೆಗೆ ಮುಟ್ಟಿಸುವ ವ್ಯವಸ್ಥೆ ರೂಪಿಸುವುದು ನಮಗೆ ಬಂದ ಕೆಲಸ. ಲಿಥಿಯಂ, ನಿಕ್ಕೆಲ್, ಕೋಬಾಲ್ಟ್‌ಗಳನ್ನು ಕ್ರಿಟಿಕಲ್ ಕಚ್ಚಾವಸ್ತು ಎನ್ನುತ್ತಾರೆ. ಅವಿಲ್ಲದಿದ್ದರೆ ಕಾರ್ಖಾನೆಗಳು ನಿಲ್ಲುತ್ತವೆ, ಅಗೆದು ತೆಗೆಯೋಣವೆಂದರೆ ನಮ್ಮ ನೆಲದಲ್ಲಿ ಸಾಲುವಷ್ಟು ಸಿಗುವುದಿಲ್ಲ. ಹಾಗಾಗಿ ಹಳೆಯ ಬ್ಯಾಟರಿಯೇ ಗಣಿ. ಒಟ್ಟುಮಾಡುವವರು ಬೇರೆ, ಕರಗಿಸಿ ಲೋಹ ತೆಗೆಯುವವರು ಬೇರೆ. ನಡುವಿನ ದಾರಿ ನಮ್ಮದು.

ಆ ಕೆಲಸದ ನಡುವಿನ ಒಂದು ದಿನದ ಬಗ್ಗೆ ವರದಿಯಲ್ಲೊಮ್ಮೆ, ತರಬೇತಿಗೊಮ್ಮೆ ಬರೆದಿದ್ದೇನೆ. ಎರಡೂ ಕಡೆ ಅದು ನಡೆದದ್ದಕ್ಕಿಂತ ಅಚ್ಚುಕಟ್ಟಾಗಿದೆ. ಇಲ್ಲೂ ಹಾಗೇ ಆಗಬಹುದು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ, ಹಿಂದೆ ರೇಷ್ಮೆ ನೂಲು ಇಡುತ್ತಿದ್ದ ಹೆಂಚಿನ ಗೋದಾಮನ್ನು ಸಂಗ್ರಹಣೆಯ ಗುತ್ತಿಗೆದಾರರು ಬಾಡಿಗೆಗೆ ಹಿಡಿದಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವನು ಶಾಗ್ಯದ ನಂಜುಂಡ. ಕಾರ್ಖಾನೆಗೆ ಒಯ್ಯುವ ಲಾರಿ ಬರುವ ಹಿಂದಿನ ದಿನ ಮಧ್ಯಾಹ್ನ ತಪಾಸಣೆಗೆಂದು ಹೋದೆ. ಪಕ್ಕದ ಮನೆಯ ಸರೋಜಮ್ಮ ಬಾಗಿಲಲ್ಲೇ ಹಿಡಿದರು. ಅವರ ಕುಣಿಮಗ್ಗಕ್ಕೂ ಗೋದಾಮಿಗೂ ನಡುವೆ ಒಂದೇ ಗೋಡೆ.

"ಏನವ್ವಾ, ನಿಮ್ ಗೋಡೋನಲ್ಲಿ ಉಗುರುಬಣ್ಣ ಮಾಡ್ತಿದ್ದೀರಾ? ಬೆಳಗಿಂದ ಸಿಹಿಸಿಹಿ ವಾಸ್ನೆ, ತಲೆ ಸಿಡೀತದೆ."

ಬ್ಯಾಟರಿಯ ಒಳಗಿನ ದ್ರವ ಹೊರಬಂದರೆ ಅದೇ ವಾಸನೆ. ಒಳಗೆ ಕೆಳಗಿನ ರ್‍ಯಾಕಿನಲ್ಲಿ ಒಂದು ಬ್ಯಾಟರಿ ಪೆಟ್ಟಿಗೆ ಉಬ್ಬಿತ್ತು. ಅಂಗೈ ಹತ್ತಿರ ಹಿಡಿದರೆ ಬಿಸಿ. ಪಕ್ಕದ್ದಕ್ಕೆ ಮೀಟರ್ ಹಚ್ಚಿದೆ. ಪೂರ್ತಿ ಚಾರ್ಜ್. ಅದರಾಚೆಯದೂ ಪೂರ್ತಿ. ನಮ್ಮ ಯೋಜನೆಯೆಲ್ಲ ನಿಂತದ್ದು ಬ್ಯಾಟರಿಗಳು ಬರಿದಾಗಿ ಬರುತ್ತವೆ ಎಂಬ ನಂಬಿಕೆಯ ಮೇಲೆ. ಯಳಂದೂರಿನ ಬೀದಿದೀಪಗಳವು ಹಾಗೇ ಬಂದಿದ್ದವು. ಬರಿದಾದದ್ದು ಕೆಟ್ಟರೆ ಹೊಗೆಯಾಡಿ ತಣ್ಣಗಾಗುವುದೇ ಹೆಚ್ಚು. ತುಂಬಿದ್ದು ಕೆಟ್ಟರೆ ಉರಿ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ.

"ಇವೆಲ್ಲ ಎಲ್ಲಿಂದ ಬಂದವು?"

"ಲೊಕ್ಕನಹಳ್ಳಿವು, ಮೇಡಂ."

ಅಲ್ಲಿ ಬೇಲಿಯ ಉಸ್ತುವಾರಿ ಮಾದೇವನದು. ಫೋನ್ ಮಾಡಿದೆ.

"ಕೊಡೋ ಮುಂಚೆ ಚಾರ್ಜ್ ಮಾಡಿದ್ರಾ?"

"ಮತ್ತೆ? ಪಕ್ಕದ್ಮನೆ ಚೆಂಬ್ನೇ ನಾವು ಬರಿದು ವಾಪಸ್ ಕೊಡಾಕಿಲ್ಲ, ಒಂದಿಡಿ ರಾಗಿನಾದ್ರೂ ಆಕ್ತೀವಿ. ನಿಮ್ಗೆ ಬರಿದು ಕೊಟ್ಟಾರಾ? ಇಡೀ ಊರು ಬಿಸ್ಲಲ್ಲಿ ಪ್ಯಾನಲ್‌ಗೆ ಆಕಿ ಫುಲ್ ಮಾಡಿ ಕಳ್ಸ್ಯದೆ!" ಅವನ ದನಿಯಲ್ಲಿ ಹೆಮ್ಮೆಯಿತ್ತು.

ಕೋಣೆಯನ್ನೊಮ್ಮೆ ನೋಡಿದೆ. ನೆಲದಿಂದ ಹೆಂಚಿನವರೆಗೆ ಲೊಕ್ಕನಹಳ್ಳಿಯ ಮರ್ಯಾದೆ ತುಂಬಿಕೊಂಡು ಕೂತಿತ್ತು.

ನಂಜುಂಡ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ. ಗಾಡಿ ಬೇರೆಲ್ಲೋ ಹುಲ್ಲಿನ ಬೆಂಕಿಗೆ ಹೋಗಿದೆ, ಬರುವುದು ತಡ ಎಂದರು. ನಾನು ಸರೋಜಮ್ಮನ ಮನೆಗೆ ಓಡಿದೆ. ಅವರಾಗಲೇ ಮಗ್ಗದ ಕುಣಿಗೆ ಇಳಿದು ಕೂತಿದ್ದರು. ಮದುವೆಯ ಸೀರೆ, ಸೆರಗಿನವರೆಗೆ ಬಂದಿತ್ತು.

"ಸ್ವಲ್ಪ ಹೊತ್ತು ಹೊರಗೆ ಬನ್ನಿ. ಏನೂ ಆಗಲ್ಲ, ಸುಮ್ಮನೆ ಮುನ್ನೆಚ್ಚರಿಕೆ."

"ಏನೂ ಆಗಲ್ಲ ಅಂದ್ಮೇಲೆ ಯಾಕವ್ವಾ ಬರ್ಲಿ?" ಲಾಳಿ ನಿಲ್ಲಲಿಲ್ಲ.

ವೋಲ್ಟೇಜ್ ಹೇಳಿದೆ, ತಾಪಮಾನ ಹೇಳಿದೆ, ಎಲ್ಲ ನಿಯಂತ್ರಣದಲ್ಲಿದೆ ಎಂದೂ ಹೇಳಿದೆ. ಆ ವಾಕ್ಯ ನನ್ನ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಸುಳ್ಳೆಂದು ಹೊಳೆಯುವ ಮೊದಲೇ ಆಡಿಬಿಟ್ಟಿದ್ದೆ.

"ನೋಡು, ನಾನು ಎದ್ರೆ ಮಗ್ಗದ್ ಮೇಲಿನ ಹಾಸು ನೂಲ್ನ ಒತ್ಕಂಡ್ ಬರಕಾದದಾ? ನಿಂಗೇನು, ಬ್ಯಾಗ್ ಎತ್ಕಂಡು ಬಸ್ ಅತ್ತೀಯ."

ಗೋಡೆಯಾಚೆ ಏನೋ ಟಪ್ಪೆಂದಿತು.

"ಸರೋಜಮ್ಮ, ಅದು ಈಗ ಸಿಡಿಯುತ್ತೋ ಸಂಜೆಗೆ ಸಿಡಿಯುತ್ತೋ ನನಗೆ ಗೊತ್ತಿಲ್ಲ. ಸಿಡಿದರೆ ನಿಲ್ಲಿಸೋದು ಹೇಗಂತಲೂ ಗೊತ್ತಿಲ್ಲ."

ಲಾಳಿ ನಿಂತಿತು. ಅವರು ನನ್ನ ಮುಖ ನೋಡಿದರು. ಸೆರಗಿನ ಮೇಲೆ ಒಂದು ಒಣಬಟ್ಟೆ ಹೊದಿಸಿ ಎದ್ದು ಬಂದರು. ಆಮೇಲೆ ಬೀದಿಯ ಒಂದೊಂದು ಬಾಗಿಲನ್ನೂ ತಟ್ಟಿದವರು ಅವರೇ: "ಏಳ್ರೋ! ಇಂಜಿನಿಯರಮ್ಮಂಗೇ ಗೊತ್ತಿಲ್ವಂತೆ, ಏಳ್ರೋ!"

ಬಿಸಿಯಾದದ್ದನ್ನು ಮುಟ್ಟಬಾರದೆಂಬ ನಿಯಮ ಬರೆದವಳೇ ನಾನು. ಆದರೆ ಅದನ್ನು ಅಲ್ಲೇ ಬಿಟ್ಟರೆ ಕೋಣೆಯೆಲ್ಲ ಹತ್ತುತ್ತಿತ್ತು, ಕೋಣೆ ಹತ್ತಿದರೆ ಮಗ್ಗಗಳ ಸಾಲು. ತಳ್ಳುಗಾಡಿಯ ಮೇಲೆ ಮರಳಿನ ಡ್ರಮ್ಮು ಇಟ್ಟೆವು. ನಂಜುಂಡ ಉದ್ದ ಹಿಡಿಯ ಸಲಿಕೆಯಿಂದ ಪೆಟ್ಟಿಗೆಯನ್ನು ಡ್ರಮ್ಮಿಗೆ ಜಾರಿಸಿದ. ನಾನು ಮೇಲೆ ಮರಳು ಸುರಿದೆ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು, ಗಾಡಿಯ ಹಿಡಿಗೆ ಕಟ್ಟಿದ ಹಗ್ಗ ಹಿಡಿದು ದೂರದಿಂದ ಎಳೆದೆವು.

"ಮೆಲ್ಲಗೆ ಕಣೋ!"

"ಮೆಲ್ಲಗೆ ಓದ್ರೆ ಅದ್ ಕಾಯ್ತದಾ ಮೇಡಂ?"

ಬೀದಿ ಮುಗಿದು ಖಾಲಿ ಸೈಟು. ಹಗ್ಗ ಬಿಟ್ಟು ಓಡಿದ ಸ್ವಲ್ಪ ಹೊತ್ತಿಗೆ ಡ್ರಮ್ಮು ಬುಸುಗುಟ್ಟಿತು. ಬಿಳಿಹೊಗೆ, ಹಿಂದೆಯೇ ಬೆಂಕಿ. ತೆಂಗಿನ ಗರಿ ಮುಟ್ಟಿತು ಎನ್ನುತ್ತಾನೆ ನಂಜುಂಡ. ನನ್ನ ನೆನಪಿನಲ್ಲಿ ಅದು ಮೊಣಕಾಲೆತ್ತರ. ಕಿರುಚಿದ್ದು ನಾನೇ ಎನ್ನುತ್ತಾರೆ ಸರೋಜಮ್ಮ. ಯಾರೂ ಕಿರುಚಿದ ನೆನಪು ನನಗಿಲ್ಲ. ವರದಿಯಲ್ಲಿ ನಾನು ಬರೆದದ್ದು: ಘಟಕವನ್ನು ತೆರೆದ ಜಾಗಕ್ಕೆ ಸ್ಥಳಾಂತರಿಸಲಾಯಿತು.

ಆ ಲಾರಿಯನ್ನು ನಿಲ್ಲಿಸಿದೆ. ಉಳಿದ ಪೆಟ್ಟಿಗೆಗಳನ್ನು ಸಂಜೆಯೊಳಗೆ ಮಧುವನಹಳ್ಳಿ ಕಡೆಯ ಬಯಲಿಗೆ ಸಾಗಿಸಿ, ಮರುದಿನ ಒಂದೊಂದಕ್ಕೂ ಬಲ್ಬು ಜೋಡಿಸಿ ಹಗಲೆಲ್ಲ ಉರಿಸಿ ಬರಿದು ಮಾಡಿದೆವು. ಅದನ್ನು ನೋಡಲು ಬಂದ ಮಾದೇವ ಸಂಕಟಪಟ್ಟ: "ಬಿಸ್ಲಲ್ಲಿ ದೀಪ ಉರ್ಸಿ ಆಳ್ ಮಾಡ್ತೀರಲ್ಲ! ಬರಿದೇ ಬೇಕು ಅಂತ ಮೊದ್ಲೇ ಯೋಳಿದ್ರೆ ಆಯ್ತಿರ್ಲಿಲ್ವಾ?"

ಹೇಳಬಹುದಿತ್ತು. ಆದರೆ ತುಂಬಿಸಿ ಕೊಡುವವರೂ ಇರುತ್ತಾರೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಈಗ ಹೊಸ ಎಂಜಿನಿಯರುಗಳನ್ನು ಮೊದಲು ಹಳ್ಳಿಗೆ ಕಳಿಸುತ್ತೇನೆ: ಕೊಡುವ ಮೊದಲು ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿಕೊಂಡು ಬನ್ನಿ. ಜನರನ್ನು ಎಬ್ಬಿಸಬೇಕಾಗಿ ಬಂದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ ಎನ್ನುತ್ತೇನೆ.

ಬೆಂಕಿಯ ಆ ದಿನ ಸಂಜೆ ಮನೆಗೆ ಮರಳುವಾಗ ಸರೋಜಮ್ಮ ಗೋದಾಮಿನ ಬೀಗ ಎಳೆದು ನೋಡಿ, ನನ್ನ ಕಡೆ ತಿರುಗಿ ಅಂದಿದ್ದರು: "ಏನೂ ಆಗಲ್ಲ ಅಂದ್ಯಲ್ಲ, ಆ ಮಾತ್ ನಂಬಿದ್ರೆ ನಾನಿನ್ನೂ ಕುಣೀಲೇ ಕೂತಿರ್ತಿದ್ದೆ ಕಣವ್ವಾ."