ನೋವಲ್ಲ, ಉರಿ

ಭಾಗ್ಯಲಕ್ಷ್ಮಿ ಕಬಿನಿ ಹೊಳೆಯ ಆಚೆ, ಕರ್ನಾಟಕದ ದಡದವಳು. ಮದುವೆಯಾಗಿ ದೋಣಿ ಹತ್ತಿ ಕೇರಳದ ಮರಕ್ಕಡವಿಗೆ ಬಂದಾಗ ಅವಳಿಗೆ ಮಲಯಾಳದ ಒಂದಕ್ಷರವೂ ಬಾರದು. ಮಗಳ ಒಂದನೇ ಕ್ಲಾಸಿನ ಪುಸ್ತಕ ಹಿಡಿದು, ಮಗಳ ಜೊತೆಗೇ ಕಲಿತಳು. ಮುಂದೆ ಆಶಾ ಕಾರ್ಯಕರ್ತೆಯಾದಳು. ಈಗ ಯಾವ ಮನೆಯಲ್ಲಿ ಯಾರಿಗೆ ಯಾವ ಮಾತ್ರೆ ಎಂಬುದು ಅವಳಿಗೆ ಬಾಯಿಪಾಠ.

ಹೋದ ವರ್ಷ ಡಾಕ್ಟರ್ ಲತಿಕ ಒಂದು ಸಂಶೋಧನೆಗೆಂದು ಬಂದರು. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟಾಗ ಕೆಲವರ ಕಾಲು ತಡೆಯಲಾರದಷ್ಟು ನೋಯುತ್ತದೆ, ಕೆಲವರಿಗೆ ನೋವೇ ಇರುವುದಿಲ್ಲ. ಇದು ಯಾಕೆ ಎಂಬುದೇ ಅವರ ಹುಡುಕಾಟ. ಅವರಿಗೆ ಕನ್ನಡ ಬಾರದ್ದರಿಂದ ಊರಿನ ಕನ್ನಡದ ಮನೆಗಳಲ್ಲಿ ಪ್ರಶ್ನೆ ಕೇಳುವ ಕೆಲಸ ಭಾಗ್ಯಲಕ್ಷ್ಮಿಯದು.

"ಕಾಲು ನೋವಿದ್ಯಾ ಮಾವ?" ಎಂದು ಮುದುಕ ಶಿವನಂಜಪ್ಪನವರನ್ನು ಕೇಳಿದಳು.

"ಇಲ್ಲ ಕಣವ್ವ."

ಡಾಕ್ಟರು ಬರೆದುಕೊಂಡು ಹೊರಗೆ ನಡೆದರು. ಭಾಗ್ಯಲಕ್ಷ್ಮಿ ಏಳುವಾಗ ಮಂಚದ ಕೆಳಗೆ ಒದ್ದೆ ಗೋಣಿಚೀಲ ಕಂಡಿತು.

"ಇದ್ಯಾಕೆ ಮಾವ?"

"ಅಂಗಾಲು ಉರೀತದಲ್ಲ, ಮೆಣಸಿನಪುಡಿ ಉಜ್ಜಿದಂಗೆ. ಅದರ ಮ್ಯಾಲೆ ಕಾಲಿಟ್ರೆ ಒಸಿ ತಣ್ಣಗಾಯ್ತದೆ."

"ಮತ್ತೆ ನೋವಿಲ್ಲ ಅಂದ್ರಿ?"

"ನೋವು ಅಂದ್ರೆ ಮುಳ್ಳು ಚುಚ್ಚಿದಾಗ ಬರೋದು. ಇದು ಉರಿ."

ಆಗಲೇ ಮೂವತ್ತೊಂದು ಮನೆ ಮುಗಿದಿದ್ದವು. ಎಲ್ಲ ಕಡೆಯೂ ಅವಳು ಕೇಳಿದ್ದು 'ನೋವು' ಎಂದೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ನೇರವಾಗಿ ಜೀಪಿನ ಹತ್ತಿರ ಹೋಗಿ, "ಡಾಕ್ಟರೇ, ನಾನು ಕೇಳಿದ್ದೇ ತಪ್ಪಾಗಿದೆ" ಎಂದಳು.

ಎಲ್ಲ ಕೇಳಿಸಿಕೊಂಡ ಡಾಕ್ಟರು, ಮಲಯಾಳದಲ್ಲಿ ಅಕ್ಕಾ ಎಂದು ಕರೆದು, "ಚೇಚ್ಚೀ, ಈ ಉರಿಯೂ ನರದ ನೋವೇ. ಇಂಥವರನ್ನೆಲ್ಲ ನೋವಿಲ್ಲದವರ ಜೊತೆ ಸೇರಿಸಿದ್ದರೆ ಕಾರಣ ಎಂದಿಗೂ ಸಿಗುತ್ತಿರಲಿಲ್ಲ" ಎಂದರು.

ತನ್ನ ದಿನದ ಕೆಲಸ ಮುಗಿಸಿಕೊಂಡು, ಮೂರು ವಾರ, ಅವಳು ಆ ಮನೆಗಳಿಗೆಲ್ಲ ಮತ್ತೆ ನಡೆದಳು. ಉರಿಯೇ, ಜೋಮೇ, ಇರುವೆ ಹರಿದ ಹಾಗೆಯೇ, ಹೊದಿಕೆ ತಾಗಿದರೂ ತಡೆಯಲಾಗದೇ ಎಂದು ಬಿಡಿಸಿ ಬಿಡಿಸಿ ಕೇಳಿದಳು. ಶಿವನಂಜಪ್ಪನವರೂ ಸೇರಿ, ಮೊದಲು ಇಲ್ಲ ಎಂದಿದ್ದ ಹನ್ನೆರಡು ಜನ ಹೌದೆಂದರು. ಪುಟ್ಟಗೌರಮ್ಮ ಎಂಬಾಕೆ ಇದು ಮುಪ್ಪಿನ ಕಾಟವೆಂದುಕೊಂಡು ನಾಲ್ಕು ವರ್ಷ ಸೊಸೆಗೂ ಹೇಳಿರಲಿಲ್ಲ. ಅವರು ಭಾಗ್ಯಲಕ್ಷ್ಮಿಯ ಕೈ ಹಿಡಿದು ಅತ್ತುಬಿಟ್ಟರು.

ಕಾರಣ ಇನ್ನೂ ಪೂರ್ತಿ ಸಿಕ್ಕಿಲ್ಲ. ರಕ್ತದ ಪರೀಕ್ಷೆಗಳು ನಡೆಯುತ್ತಿವೆ. ಆದರೆ ಆ ಹನ್ನೆರಡು ಜನರಿಗೆ ಔಷಧಿ ಶುರುವಾಗಿದೆ. ಶಿವನಂಜಪ್ಪನವರ ಉರಿ ಅರ್ಧಕ್ಕಿಳಿದಿದೆ, ಈಗ ಅವರು ಶುಂಠಿ ಹೊಲದವರೆಗೆ ನಡೆಯುತ್ತಾರೆ.

ಅವಳ ಮಾತುಗಳನ್ನೇ ಇಟ್ಟುಕೊಂಡು ಡಾಕ್ಟರು ಕನ್ನಡದಲ್ಲಿ ಹೊಸ ಪ್ರಶ್ನೆಪಟ್ಟಿ ಮಾಡಿಸಿದರು. ವರದಿಯಲ್ಲಿ ಅವಳ ಹೆಸರು ಹಾಕಬಹುದೇ ಎಂದು ಕೇಳಿದರು.

"ಹೆಸರು ಆಮೇಲೆ ನೋಡೋಣ" ಎಂದಳು ಭಾಗ್ಯಲಕ್ಷ್ಮಿ, ಪಟ್ಟಿ ಓದುತ್ತಲೇ. "ನಾಲ್ಕನೇ ಪ್ರಶ್ನೆ ನಮ್ಮ ಜನಕ್ಕೆ ಅರ್ಥವಾಗಲ್ಲ. ಪೆನ್ನು ಕೊಡಿ."