ತೂಕ ಹಾಕಿದ ಎಡೆ

ಕಗ್ಗದಾಸಪುರದ ಮನೆಯೊಂದಕ್ಕೆ ವಾಟರ್ ಫಿಲ್ಟರ್ ಸರ್ವಿಸ್‌ಗೆ ಹೋದ ದಿನ ಮಹಾಲಯ ಅಮಾವಾಸ್ಯೆ. ಟ್ಯಾಂಕ್ ನೋಡೋಣವೆಂದು ತಾರಸಿ ಹತ್ತಿದರೆ, ಮನೆಯ ಯಜಮಾನಿ ತೀರಿಕೊಂಡ ಗಂಡನಿಗೆ ಎಲೆ ತುಂಬ ಅನ್ನ, ಒಬ್ಬಟ್ಟು ಬಡಿಸಿ ಎಡೆ ಇಟ್ಟು ಕಾಯುತ್ತಿದ್ದರು. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಈ ಕಾಗೆಯೋ ಟ್ಯಾಂಕಿನ ಮೇಲೆ ಕೂತೇ ಇತ್ತು, ಎಲೆಯ ಹತ್ತಿರ ಸುಳಿಯಲಿಲ್ಲ.

"ಏನೋ ಕೋಪ ಇರ್ಬೇಕು ಅವರಿಗೆ," ಎಂದು ಆಕೆ ಕಣ್ಣೊರೆಸಿಕೊಂಡರು.

ನನಗೆ ಸುಮ್ಮನಿರಲಾಗಲಿಲ್ಲ. "ಒಬ್ಬಟ್ಟು ಇಷ್ಟ ಇರ್ಲಿಲ್ವಾ ಮೇಡಂ?"

"ಅಯ್ಯೋ, ಪ್ರಾಣ! ಡಾಕ್ಟ್ರು ತೂಕ ಇಳಿಸಿ ಅಂದಾಗ, ಇವರು ಅನ್ನ, ಸ್ವೀಟು ಬಿಡಕ್ಕಾಗಲ್ಲ ಅಂದ್ಬಿಟ್ರು. ಕ್ಯಾಲೊರಿ ಲೆಕ್ಕ ಹಾಕಿದ್ರೆ ಎಲ್ಲಾನೂ ತಿನ್ಬಹುದಲ್ಲಾ ಅಂತ ಅದನ್ನೇ ಹಿಡಿದ್ರು. ಆಮೇಲೆ ತೂಕ ಹಾಕ್ದೆ ಒಂದು ತುತ್ತೂ ಮುಟ್ತಿರ್ಲಿಲ್ಲ..."

ಆಕೆಗೆ ಏನೋ ಹೊಳೆಯಿತು. ಕೆಳಗೆ ಓಡಿಹೋಗಿ ಅಡುಗೆಮನೆಯ ತೂಕದ ಮೆಷೀನ್ ತಂದರು. ಅನ್ನ ತೂಗಿ ಅರ್ಧ ತೆಗೆದರು, ಒಬ್ಬಟ್ಟು ಒಂದೇ ಉಳಿಸಿದರು. ಅವರು ಹಿಂದೆ ಸರಿಯುವ ಮೊದಲೇ ಕಾಗೆ ಎಲೆಯ ಮೇಲಿತ್ತು.

ತೆಗೆದಿಟ್ಟ ಒಬ್ಬಟ್ಟುಗಳನ್ನೆಲ್ಲ ಆಕೆ ನನಗೇ ಕೊಟ್ಟರು. ಒಂದನ್ನು ಕಚ್ಚಿ ತಲೆಯೆತ್ತಿದೆ. ಕಾಗೆ ತಿನ್ನುವುದನ್ನು ನಿಲ್ಲಿಸಿ, ನನ್ನ ಹೊಟ್ಟೆಯನ್ನೇ ನೋಡುತ್ತಿತ್ತು.